ಅಟ್ಟದ ಕೊಬ್ಬರಿ ಮತ್ತು ನಮ್ಮ ತರಗತಿಯ ಬ್ಲಾಗು

ಮೇಜಿನ ಮೇಲೆ 41 ಅಸೈನ್‌ಮೆಂಟ್ ಪುಸ್ತಕಗಳಿದ್ದವು. 41ರಲ್ಲೂ ಅಲ್ಲಮಪ್ರಭುವಿನ "ಶೂನ್ಯ ಸಂಹಾಸನ" ಎಂದೇ ಬರೆದಿತ್ತು. ಯಾವುದೋ ಗೈಡಿನಲ್ಲಿ ಅಚ್ಚಿನ ತಪ್ಪಾಗಿ ಸಿಂಹಾಸನದ ಗುಡಿಸು ಬಿದ್ದುಹೋಗಿತ್ತು. ಒಬ್ಬಳು ಗೈಡ್ ನೋಡಿ ಬರೆದಿದ್ದಳು. ಇನ್ನೊಬ್ಬ ಅವಳ ಪುಸ್ತಕ ಇಸ್ಕೊಂಡು ಬರೆದಿದ್ದ. ಹೀಗೆ ಇಡೀ ಕ್ಲಾಸು ಒಂದು ರಾತ್ರಿಯಲ್ಲಿ ನಾಲ್ಕು ನಾಲ್ಕು ಪುಟ ಬರೆದು ಮುಗಿಸಿತ್ತು. ಅಷ್ಟೂ ಜನರಲ್ಲಿ ಒಬ್ಬರ ಕಣ್ಣಿಗೂ ಆ ತಪ್ಪು ಬಿದ್ದಿರಲಿಲ್ಲ.

ಇದು 2017ರ ಮಾತು. ನಾನು ತಿಪಟೂರು ಸೀಮೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಅವತ್ತು ಮೊದಲು ಸಿಟ್ಟು ಬಂತು. ಬೈಯಬೇಕು ಅಂತ ಪುಸ್ತಕದ ಕಟ್ಟನ್ನು ಎತ್ತಿಕೊಂಡು ಕ್ಲಾಸಿಗೆ ಹೊರಟೆ. ಕಾರಿಡಾರಿನಲ್ಲಿ ನಡೆಯುವಾಗ ಒಂದು ಪ್ರಶ್ನೆ ಬಂತು: ಇವರು ಇದನ್ನು ಯಾರಿಗೆ ಅಂತ ಬರೆದಿದ್ದಾರೆ? ನನಗೆ ತಾನೆ. ನಾನು ಮಾಡುವುದಾದರೂ ಏನು? ಕೆಂಪು ಪೆನ್ನಿನಲ್ಲಿ ಒಂದು ಗೀಟು ಎಳೆಯುತ್ತೇನೆ, ಹತ್ತಕ್ಕೆ ಎಂಟು ಹಾಕುತ್ತೇನೆ, ಆಂತರಿಕ ಅಂಕದ ಪಟ್ಟಿ ಕಳಿಸುತ್ತೇನೆ. ಪುಸ್ತಕಗಳು ಬೀರುವಿನಲ್ಲಿ ಒಂದೆರಡು ವರ್ಷ ಇದ್ದು ಆಮೇಲೆ ರದ್ದಿಗೆ ಹೋಗುತ್ತವೆ. ಮಕ್ಕಳಿಗೆ ಇದೆಲ್ಲ ಗೊತ್ತು. ಯಾರೂ ಓದದ ಬರಹವನ್ನು ಮೈಮುರಿದು ಬರೆಯುವುದು ಯಾಕೆ ಅಂತ ಅವರಿಗೆ ಅನ್ನಿಸಿದ್ದರೆ, ಅದು ಸೋಮಾರಿತನ ಅಲ್ಲ. ಲೆಕ್ಕಾಚಾರ.

ಕ್ಲಾಸಿಗೆ ಹೋಗಿ ಬೈಯಲಿಲ್ಲ. "ನೀವು ಬರೆದದ್ದನ್ನ ನಿಮ್ಮೂರಿನವರು ಓದ್ತಾರೆ ಅಂದ್ರೆ ಏನು ಬರೀತೀರಿ?" ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗ, "ನಿಜವಾಗ್ಲೂ ಓದ್ತಾರಾ ಮೇಡಂ?" ಅಂದ.

ಆ ವಾರವೇ ಗೂಗಲ್ಲಿನ ಉಚಿತ ತಾಣವಾದ ಬ್ಲಾಗರ್‌ನಲ್ಲಿ ತರಗತಿಗೆ ಅಂತ ಒಂದು ಬ್ಲಾಗು ತೆರೆದೆವು. ಒಬ್ಬೊಬ್ಬರಿಗೆ ಒಂದೊಂದು ಬ್ಲಾಗು ಮಾಡಿಸುವ ಆಸೆ ನನಗಿತ್ತು. ಆದರೆ ಒಂಟಿ ಬ್ಲಾಗುಗಳು ಬೇಗ ಸಾಯುತ್ತವೆ. 2006–07ರ ಹೊತ್ತಿಗೆ ಕನ್ನಡದಲ್ಲಿ ಬ್ಲಾಗು ಬರೆಯುವವರ ದೊಡ್ಡ ಗುಂಪೇ ಇತ್ತು. ನಾನೂ ದಿನಾ ಓದುತ್ತಿದ್ದೆ. ಅವುಗಳಲ್ಲಿ ಎಷ್ಟೋ ಬ್ಲಾಗುಗಳು "ಇನ್ನು ಮುಂದೆ ತಪ್ಪದೆ ಬರೆಯುತ್ತೇನೆ" ಎಂಬ ಸಾಲಿನಲ್ಲೇ ನಿಂತುಹೋದವು. ಕೂಡಿ ಬರೆದರೆ ಒಬ್ಬರು ಬರೆಯದ ವಾರ ಇನ್ನೊಬ್ಬರು ಬರೆಯುತ್ತಾರೆ. ಬ್ಲಾಗರ್‌ನಲ್ಲಿ ಒಂದೇ ಬ್ಲಾಗಿಗೆ 100 ಜನ ಲೇಖಕರನ್ನು ಸೇರಿಸಬಹುದು. ನಮಗೆ ಅದು ಧಾರಾಳವಾಯಿತು. ದುಡ್ಡು ಕೊಡಬೇಕಿರಲಿಲ್ಲ, ಯಾರ ಅನುಮತಿಯೂ ಬೇಕಿರಲಿಲ್ಲ.

ಕಷ್ಟ ಶುರುವಾಗಿದ್ದು ಕನ್ನಡ ಅಕ್ಷರ ಮೂಡಿಸುವಲ್ಲಿ.

ಕಾಲೇಜಿನ ಲ್ಯಾಬಿನಲ್ಲಿ ನುಡಿ ಎಂಬ ಕನ್ನಡ ಟೈಪ್ ಮಾಡುವ ತಂತ್ರಾಂಶ ಇತ್ತು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ಎಂಬ ಅಂಥದ್ದೇ ತಂತ್ರಾಂಶ, ಇವೆರಡೂ ಇಲ್ಲದಿದ್ದರೆ ನಮ್ಮಂಥವರು ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಲೇ ಇರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಎಷ್ಟು ಸರಳ ಅಂದರೆ, ಒತ್ತಕ್ಷರಕ್ಕೆ ನಡುವೆ ಎಫ್ ಕೀ ಒತ್ತಬೇಕು ಅನ್ನುವುದೊಂದು ತಿಳಿದರೆ ಅರ್ಧ ವಿದ್ಯೆ ಬಂದ ಹಾಗೆ. ಆದರೆ ನಮ್ಮ ಲ್ಯಾಬಿನ ಮಕ್ಕಳು ಕಲಿತಿದ್ದು ನುಡಿಯ ಹಳೆಯ ಫಾಂಟು. ಆ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರ. ಬ್ಲಾಗಿಗೆ ಅಂಟಿಸಿದ ತಕ್ಷಣ ಎಲ್ಲ ಚೆಲ್ಲಾಪಿಲ್ಲಿ. ಒಬ್ಬಳು ಎರಡು ದಿನ ಕೂತು ಟೈಪ್ ಮಾಡಿದ ಬರಹ ಹಾಗೆ ಕಲಸಿಹೋದಾಗ ಅವಳ ಕಣ್ಣಲ್ಲಿ ನೀರು ಬಂತು. ಅವತ್ತು ಪಾಠ ಬಿಟ್ಟು ಯೂನಿಕೋಡ್ ಅಂದರೆ ಏನು ಅಂತ ಹೇಳಿದೆ. ಪ್ರಪಂಚದ ಬಹುತೇಕ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದ್ದೇ ಒಂದು ಸಂಖ್ಯೆ ಇದೆ. ನಮ್ಮ "ಕ"ಗೂ ಒಂದು ಇದೆ. ಆ ಸಂಖ್ಯೆಯಲ್ಲಿ ಬರೆದರೆ ತಿಪಟೂರಿನಲ್ಲಿ ಬರೆದದ್ದು ಟೋಕಿಯೋದಲ್ಲೂ ಕನ್ನಡವಾಗಿಯೇ ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಅವಳ ಬರಹವನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ತಂದೆವು. ಕೆಲವು ಒತ್ತುಗಳು ಕಳೆದುಹೋಗಿದ್ದವು. ಅವನ್ನು ಕೈಯಲ್ಲೇ ತಿದ್ದಿದೆವು.

ಈ ಹಳೆಯ ಫಾಂಟಿನ ವಿಷಯದಲ್ಲಿ ನನಗೆ ಸಂಕಟವಿದೆ. ನಮ್ಮಲ್ಲಿ ಎಷ್ಟೋ ಮೇಷ್ಟ್ರುಗಳು ಇಪ್ಪತ್ತು ವರ್ಷ ಮಾಡಿದ ಪಾಠದ ಟಿಪ್ಪಣಿ, ಸಂಶೋಧನೆ, ಅನುವಾದ ಎಲ್ಲ ಆ ಫೈಲುಗಳಲ್ಲೇ ಇವೆ. ಹುಡುಕಿದರೆ ಸಿಗುವುದಿಲ್ಲ, ಫೋನಿನಲ್ಲಿ ತೆರೆಯುವುದಿಲ್ಲ. ನಿವೃತ್ತರಾದವರ ಮನೆಯ ಕಂಪ್ಯೂಟರ್ ಕೆಟ್ಟರೆ ಅಷ್ಟೂ ಹೋಯಿತು. ಅವನ್ನೆಲ್ಲ ಯೂನಿಕೋಡಿಗೆ ತಿರುಗಿಸಿ ಎಲ್ಲಾದರೂ ಒಂದು ಕಡೆ ಇಡಿ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಈಗ ಇಲ್ಲೂ ಹೇಳುತ್ತಿದ್ದೇನೆ.

ಹುಡುಗರು ಲ್ಯಾಬನ್ನು ಬಹಳ ದಿನ ಕಾಯಲಿಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿತ್ತು. ಫೋನಿನಲ್ಲೇ ಕನ್ನಡ ಕೀಬೋರ್ಡ್ ಹಾಕಿಕೊಂಡು ಬಸ್ಸಿನಲ್ಲಿ ಕೂತು ಬರೆಯತೊಡಗಿದರು. ಆಗ ಬೇರೆ ತರಹದ ಪ್ರಶ್ನೆಗಳು ಬಂದವು. "ಮೇಡಂ, ರ್ಯಾಂಕ್ ಅಂತ ಬರೆದ್ರೆ ಅರ್ಕಾವೊತ್ತು ಬರ್ತಿದೆ, ನೀವು ಬೋರ್ಡ್ ಮೇಲೆ ಬರೆಯೋ ಥರ ಬರ್ತಿಲ್ಲ." ನಿಜ. ರ, ಒತ್ತು, ಯ ಅಂತ ಸಾಲಾಗಿ ಒತ್ತಿದರೆ ಕಂಪ್ಯೂಟರು ಅದನ್ನು "ಸೂರ್ಯ"ದ ರ್ಯ ಅಂತಲೇ ತಿಳಿಯುತ್ತದೆ. "ರ‍್ಯಾಂಕ್" ಬೇಕು ಅಂದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸಬೇಕು. ಅದು ಎಲ್ಲ ಕೀಬೋರ್ಡಿನಲ್ಲೂ ಇರುವುದಿಲ್ಲ. ಅರ್ಕಾವೊತ್ತು ಯಾವಾಗ ಬರಬೇಕು, ಯಾವಾಗ ಬರಬಾರದು ಅಂತ ಪದವಿ ತರಗತಿಯಲ್ಲಿ ಅರ್ಧ ಗಂಟೆ ಚರ್ಚೆ ನಡೆದದ್ದು ನನ್ನ ಅನುಭವದಲ್ಲಿ ಅದೇ ಮೊದಲು. ಅದೂ ಅವರಾಗಿಯೇ ಕೇಳಿ.

ಮೊದಲ ಎರಡು ತಿಂಗಳ ಬರಹಗಳು ಅಂಥಾ ಚೆನ್ನಾಗಿರಲಿಲ್ಲ ಅಂತ ಒಪ್ಪಿಕೊಳ್ಳಬೇಕು. ಸ್ನೇಹ, ತಾಯಿಯ ಪ್ರೀತಿ, ಸಮಯದ ಮಹತ್ವ. ಎಲ್ಲವೂ ಪ್ರೌಢಶಾಲೆಯ ಪ್ರಬಂಧದ ಧಾಟಿ. ಕಾಮೆಂಟಿನಲ್ಲಿ "ಸೂಪರ್", "ಚೆನ್ನಾಗಿದೆ ಕಣೋ". ಪ್ರತಿಯೊಬ್ಬರೂ ವಾರಕ್ಕೆ ಎರಡು ಕಾಮೆಂಟ್ ಹಾಕಬೇಕು ಅಂತ ನಾನೇ ನಿಯಮ ಮಾಡಿದ್ದೆ. ಅದರ ಫಲ ಇದು. ಆಮೇಲೆ ನಿಯಮ ಬದಲಿಸಿದೆ. ಹೊಗಳಬೇಡಿ, ಪ್ರಶ್ನೆ ಕೇಳಿ. ನಿಮಗೆ ತಿಳಿಯದ ಒಂದು ವಿಷಯ ಆ ಬರಹದಲ್ಲಿ ಇದ್ದರೆ ಅದನ್ನು ಕೇಳಿ. ತಾಯಿಯ ಪ್ರೀತಿಯ ಬಗ್ಗೆ ಬರೆದ ಹುಡುಗನಿಗೆ ಒಬ್ಬಳು, "ನಿಮ್ಮಮ್ಮ ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಾರೆ? ಎದ್ದು ಮೊದಲು ಏನು ಮಾಡ್ತಾರೆ?" ಅಂತ ಕೇಳಿದಳು. ಅವನಿಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ಬೇಗ ಎದ್ದು ನೋಡಿದ. ಅವನ ಎರಡನೇ ಬರಹ ಬರೀ ಅವನಮ್ಮನ ಬೆಳಗಿನ ಎರಡು ಗಂಟೆಯದು. ಕೊಟ್ಟಿಗೆ, ಹಾಲು, ಒಲೆ, ಅವನ ತಂಗಿಯ ಜಡೆ. ಪ್ರೀತಿ ಎಂಬ ಪದ ಒಂದು ಸಲವೂ ಬಂದಿರಲಿಲ್ಲ.

ಅಷ್ಟರಲ್ಲಿ ನನ್ನಿಂದ ಒಂದು ತಪ್ಪಾಯಿತು.

ಒಬ್ಬ ಹುಡುಗ ಅವರ ತೋಟದ ಬೋರ್‌ವೆಲ್ ಬತ್ತಿದ ಕಥೆ ಬರೆದ. ಮೂರು ಬೋರು ಕೊರೆಸಿದ್ದು, ನೀರು ಸಿಗದಿದ್ದದ್ದು, ಅವರಪ್ಪ ಕೈಸಾಲ ಮಾಡಿದ್ದು, ಸಾಲ ಕೊಟ್ಟವರು ಮನೆ ಮುಂದೆ ಬಂದು ಕೂಗಾಡಿದ್ದು. ಬಹಳ ಚೆನ್ನಾಗಿ ಬರೆದಿದ್ದ. ನಾನು ಓದಿ ಖುಷಿಯಾಗಿ ಅವತ್ತು ಸಂಜೆಯೇ ಪಬ್ಲಿಷ್ ಮಾಡಿದೆ. ನನ್ನ ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದೆ. ಊರು ಚಿಕ್ಕದು. ಮೂರನೇ ದಿನ ಅವನ ಅಪ್ಪ ಕಾಲೇಜಿಗೆ ಬಂದರು. ಜಗಳಕ್ಕೆ ಬಂದಿರಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, "ನಮ್ಮನೆ ವಿಷ್ಯ ಪೇಪರ್ನಾಗೆ ಬಂದಂಗಾಯ್ತಲ್ಲ ಮೇಡಮ್ಮಾರೆ" ಅಂದರು. ಅಷ್ಟೇ ಅಂದದ್ದು. ಅವರ ಮುಖ ನೋಡಲು ನನಗಾಗಲಿಲ್ಲ. ಅವರೆದುರಿಗೇ ಆ ಬರಹವನ್ನು ತೆಗೆದುಹಾಕಿದೆ. ಆದರೆ ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟು ಎರಡು ಮೂರು ಗುಂಪಿಗೆ ಹೋಗಿತ್ತು. ನಾನು ಅಳಿಸಿದರೂ ಅದು ಅಳಿಯಲಿಲ್ಲ.

ಮೂರು ವಾರ ಬ್ಲಾಗಿಗೆ ಏನೂ ಹಾಕಲಿಲ್ಲ. ನಿಲ್ಲಿಸಿಬಿಡೋಣ ಅಂತಲೇ ಅನ್ನಿಸಿತ್ತು. ಹುಡುಗರು ಬಿಡಲಿಲ್ಲ. ಕೂತು ಮಾತಾಡಿ ಒಂದು ನಿಯಮಕ್ಕೆ ಬಂದೆವು. ಆ ನಿಯಮ ಹೇಳಿದ್ದು ಬೋರ್‌ವೆಲ್ ಬರಹ ಬರೆದ ಹುಡುಗನೇ. ಬರಹದಲ್ಲಿ ಯಾರ ವಿಷಯ ಬರುತ್ತದೋ ಅವರಿಗೆ ಅದನ್ನು ಪೂರ್ತಿ ಓದಿ ಹೇಳಬೇಕು. ಅವರು ಹೂಂ ಅಂದ ಮೇಲೆ ಮೂರು ದಿನ ಬಿಟ್ಟು ಪಬ್ಲಿಷ್ ಮಾಡಬೇಕು. ಬೇಡ ಅಂದರೆ ಅದು ನೋಟ್‌ಬುಕ್ಕಿನಲ್ಲೇ ಉಳಿಯಬೇಕು, ಅಂಕ ಮಾತ್ರ ಪೂರ್ತಿ ಸಿಗಬೇಕು. ಬೇಕೆಂದವರು ತಮ್ಮ ಹೆಸರು ಬದಲಿಸಿಕೊಂಡು ಬರೆಯಬಹುದು. ಹುಡುಗಿಯರ ಫೋಟೋ ಹಾಕುವುದಿಲ್ಲ.

ಯಾರಿಗೂ ನೋವಾಗದಿರಲಿ ಅಂತ ಮಾಡಿದ ಈ ನಿಯಮ ಎಲ್ಲಿಗೆ ಕರೆದೊಯ್ಯುತ್ತದೆ ಅಂತ ಆಗ ನಮಗೆ ಗೊತ್ತಿರಲಿಲ್ಲ. ಕೊಬ್ಬರಿ ಬರಹದಿಂದ ಗೊತ್ತಾಯಿತು.

ನಮ್ಮ ಕಡೆ ಹೆಚ್ಚಿನ ಮಕ್ಕಳು ತೆಂಗಿನ ತೋಟದ ಮನೆಯವರು. ತಿಪಟೂರಿನ ಉಂಡೆ ಕೊಬ್ಬರಿ ಉತ್ತರ ಭಾರತಕ್ಕೆಲ್ಲ ಹೋಗುತ್ತದೆ. ಆದರೆ ಆ ಬಗ್ಗೆ ಬರೆಯಬಹುದು ಅಂತ ಯಾರಿಗೂ ತೋಚಿರಲಿಲ್ಲ. ಮನೆಯ ಅಟ್ಟದಲ್ಲಿ ಇರುವುದು ಪಾಠದ ವಿಷಯ ಹೇಗಾದೀತು ಅಲ್ವಾ? ಒಬ್ಬಳು ಬರೆದಳು. ಮಾತು ಕಡಿಮೆ ಇದ್ದ ಹುಡುಗಿ. ಮೊದಲ ಡ್ರಾಫ್ಟು ಮುಕ್ಕಾಲು ಪುಟ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕುತ್ತಾರೆ, ಒಂದು ವರ್ಷ ಬಿಡುತ್ತಾರೆ, ಕೊಬ್ಬರಿಯಾಗುತ್ತದೆ, ಸುಲಿಸಿ ಮಾರುತ್ತಾರೆ. ಅಷ್ಟೇ. ನಿಯಮದ ಪ್ರಕಾರ ಮನೆಗೆ ಹೋಗಿ ತಾತನಿಗೆ ಓದಿ ಹೇಳಿದಳು.

ತಾತ ಅರ್ಧಕ್ಕೇ ನಿಲ್ಲಿಸಿದರಂತೆ. "ಯಾರಮ್ಮ ನಿಂಗೆ ವರ್ಷ ಅಂತ ಹೇಳ್ದೋರು? ಕೊಬ್ರಿ ಏನು ಕ್ಯಾಲೆಂಡರ್ ನೋಡ್ಕಂಡು ಆಗ್ತದಾ? ಬಾ ಇಲ್ಲಿ" ಅಂತ ಏಣಿ ಹಾಕಿಸಿ ಅಟ್ಟಕ್ಕೆ ಹತ್ತಿಸಿದರು. ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದರೂ ಅವಳು ಅಟ್ಟದ ಮೇಲೆ ಅಷ್ಟು ಹೊತ್ತು ಕೂತಿದ್ದು ಅದೇ ಮೊದಲಂತೆ. ತಾತ ಒಂದೊಂದೇ ಕಾಯಿ ಎತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದರು. ಹೊಸದಾಗಿ ಹಾಕಿದ ಕಾಯಿಯಲ್ಲಿ ಸದ್ದೇ ಇಲ್ಲ, ತುಂಬಾ ನೀರು. ಕೆಲವು ತಿಂಗಳು ಕಳೆದದ್ದರಲ್ಲಿ ಬುಳುಕ್ ಬುಳುಕ್ ಅಂತ ನೀರು ಕುಲುಕುವ ಸದ್ದು. ಇನ್ನೂ ಹಳೆಯದರಲ್ಲಿ ಆ ಸದ್ದೂ ನಿಂತು ಮತ್ತೆ ಮೌನ. ಆಮೇಲೆ ಒಂದು ದಿನ ಗಡಗಡ ಅನ್ನುತ್ತದೆ. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಒಳಗೆ ಉರುಳುವ ಸದ್ದು ಅದು. "ಈ ಸದ್ದು ಬಂದ್ರೆ ಸುಲ್ಸು, ಬರದೆ ಇದ್ರೆ ಮುಟ್ಬೇಡ." ಅದಕ್ಕೆ 8 ತಿಂಗಳೂ ಆಗಬಹುದು, 10 ಆಗಬಹುದು, ಇನ್ನೂ ಜಾಸ್ತಿಯೂ ಆಗಬಹುದು. ಅವಸರಪಟ್ಟು ಒಡೆದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ. ಚೂರಿಗೆ ಉಂಡೆಯ ರೇಟು ಸಿಗುವುದಿಲ್ಲ.

ಅವಳು ಬರಹವನ್ನು ಪೂರ್ತಿ ಹೊಸದಾಗಿ ಬರೆದಳು. ಸದ್ದಿನಿಂದ ಸದ್ದಿಗೆ ಹೋಗುವ ಬರಹ. ಕೊನೆಯಲ್ಲಿ, "ಮೊದಲು ಒಂದು ವರ್ಷ ಎಂದು ಬರೆದಿದ್ದೆ. ತಾತ ತಿದ್ದಿದರು" ಅಂತ ತಾರೀಖು ಹಾಕಿ ಸೇರಿಸಿದಳು. ಅದನ್ನು ಬರೆಯಲು ನಾನು ಹೇಳಿರಲಿಲ್ಲ. ಗೈಡಿನ ತಪ್ಪನ್ನು 41 ಜನ ನಕಲು ಮಾಡಿದ ಕಾಲೇಜಿನಲ್ಲೇ ಒಬ್ಬಳು ತನ್ನ ತಪ್ಪನ್ನು ತಾನೇ ಬರೆದು ತೋರಿಸಿದ್ದಳು. ಆ ದಿನ ನನಗಾದ ಸಂತೋಷವನ್ನು ಬೇರೆ ಯಾವುದಕ್ಕೂ ಹೋಲಿಸಲಾರೆ.

ಆ ಬರಹವನ್ನು ಜನ ಓದಿದರು. ಒಂದು ವಾರದಲ್ಲಿ ಒಂಬೈನೂರು ಚಿಲ್ಲರೆ ಸಲ. ನಮ್ಮ ಬ್ಲಾಗಿಗೆ ಅದು ದೊಡ್ಡ ಸಂಖ್ಯೆ. ದುಬೈಯಲ್ಲಿ ಕೆಲಸ ಮಾಡುವ ನಮ್ಮ ಕಡೆಯವರೊಬ್ಬರು, "ನಮ್ಮ ಅಟ್ಟದ ವಾಸನೆ ಬಂತಮ್ಮ" ಅಂತ ಕಾಮೆಂಟ್ ಹಾಕಿದರು. ಕರಾವಳಿಯ ಒಬ್ಬರು, "ನಮ್ಮಲ್ಲಿ ಕಾಯಿ ಒಡೆದು ಬಿಸಿಲಿಗೆ ಹಾಕಿ ಒಣಗಿಸುವುದು, ಅದರಿಂದ ಎಣ್ಣೆ ತೆಗೆಸುವುದು. ಇಡೀ ಉಂಡೆ ಹೇಗೆ ಬರುತ್ತದೆ ಅಂತ ಇವತ್ತು ಗೊತ್ತಾಯಿತು" ಅಂತ ಬರೆದರು. ಹುಡುಗಿ ಆ ಕಾಮೆಂಟುಗಳನ್ನೂ ತಾತನಿಗೆ ಓದಿ ಹೇಳಿದಳು. ತಾತ ಎರಡು ಉತ್ತರ ಹೇಳಿ ಬರೆಸಿದರು.

ಅಲ್ಲಿಂದ ಮುಂದೆ "ಮನೆಯಲ್ಲಿ ಓದಿ ಹೇಳು" ಅನ್ನುವುದು ಅನುಮತಿ ಕೇಳುವ ಶಾಸ್ತ್ರವಾಗಿ ಉಳಿಯಲಿಲ್ಲ. ಬರಹ ಬೆಳೆಯುವುದೇ ಅಲ್ಲಿ ಅಂತಾಯಿತು. ಅಕ್ಷರ ಬಾರದ ಅಜ್ಜಿಯರು, ಬೀಡಿ ಕಟ್ಟುವ ಚಿಕ್ಕಮ್ಮಂದಿರು, ಲಾರಿ ಓಡಿಸುವ ಮಾವಂದಿರು ನಮ್ಮ ಬ್ಲಾಗನ್ನು ಕಿವಿಯಿಂದ ಓದಿದರು, ತಿದ್ದಿದರು.

ಇನ್ನೊಂದು ದಿನದ ಕಥೆ ಹೇಳಲೇಬೇಕು. ಅದು ಬ್ಲಾಗಿನದ್ದಲ್ಲ, ವ್ಯಾಕರಣದ್ದು.

ವಚನ ಸಂಚಯ ಅಂತ ಒಂದು ಜಾಲತಾಣವಿದೆ. ಸಮಗ್ರ ವಚನ ಸಂಪುಟಗಳ ಸುಮಾರು 20 ಸಾವಿರ ವಚನಗಳನ್ನು ಅಲ್ಲಿ ಪದ ಕೊಟ್ಟು ಹುಡುಕಬಹುದು. ಕನ್ನಡದ ಮೇಲಿನ ಪ್ರೀತಿಯಿಂದ ಕೆಲವರು ಸೇರಿ ಮಾಡಿದ ಕೆಲಸ ಅದು. ಕ್ಲಾಸಿನಲ್ಲಿ ಎಲ್ಲರಿಗೂ ಒಂದೊಂದು ದಿನಬಳಕೆಯ ಪದ ಕೊಟ್ಟು, ಆ ಪದ ವಚನಗಳಲ್ಲಿ ಎಲ್ಲೆಲ್ಲಿ ಬಂದಿದೆ ನೋಡಿ ಬರೆಯಿರಿ ಅಂದಿದ್ದೆ. ಒಬ್ಬನಿಗೆ "ಅಕ್ಕಿ" ಬಂತು. ಅಕ್ಕಿ ಅಂದ ಕೂಡಲೇ ಅವನಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಪ್ರಶ್ನಿಸಿದವಳು. ಆ ವಚನ ಸಿಕ್ಕೇ ಸಿಗುತ್ತದೆ ಅಂತ ಅವನು ಹುಡುಕಿದ. ಬೇರೆ ಎಷ್ಟೋ ವಚನ ಬಂದವು, ಅದೊಂದು ಬರಲಿಲ್ಲ. "ಮೇಡಂ, ಇದರಲ್ಲಿ ಲಕ್ಕಮ್ಮಂದು ಬಿಟ್ಟುಹೋಗಿದೆ" ಅಂದ.

ಬಿಟ್ಟುಹೋಗಿರಲಿಲ್ಲ. ಆ ವಚನದ ಸಾಲು "ಈಸಕ್ಕಿಯಾಸೆ ನಿಮಗೇಕೆ" ಅಂತ. ಬೋರ್ಡಿನ ಮೇಲೆ ಬರೆದು, ಇದರಲ್ಲಿ ಅಕ್ಕಿ ಎಲ್ಲಿದೆ ತೋರಿಸು ಅಂದೆ. ಅವನು ತುಂಬಾ ಹೊತ್ತು ನೋಡಿದ. ಎದ್ದು ಬಂದು ಚಾಕ್‌ಪೀಸ್ ತಗೊಂಡು ಬಿಡಿಸಿ ಬರೆದ: ಈಸು, ಅಕ್ಕಿ, ಆಸೆ. "ಅ ಅನ್ನೋ ಅಕ್ಷರವೇ ಇಲ್ಲ ಮೇಡಂ! ಸದೊಳಗೆ ಹೋಗಿಬಿಟ್ಟಿದೆ!" ಈಸಿನ ಕೊನೆಯ ಉಕಾರ ಬಿದ್ದು ಲೋಪಸಂಧಿ. ಅಕ್ಕಿಗೂ ಆಸೆಗೂ ನಡುವೆ ಯಕಾರ ಬಂದು ಆಗಮಸಂಧಿ. ಹೈಸ್ಕೂಲಿನಿಂದ ಉರುಹೊಡೆದು, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯುತ್ತಿದ್ದ ಸಂಧಿ ಅದು. ಕಂಪ್ಯೂಟರಿಗೆ ಕಾಣದ ಅಕ್ಕಿಯನ್ನು ಅವನು ಕಂಡಿದ್ದ. ಆಮೇಲೆ ಇಡೀ ಕ್ಲಾಸು ಬಚ್ಚಿಟ್ಟುಕೊಂಡ ಪದಗಳನ್ನು ಹುಡುಕಲು ಶುರುಮಾಡಿತು. ಬೆಲ್ ಹೊಡೆದರೂ ಏಳಲಿಲ್ಲ. ಇಪ್ಪತ್ತು ವರ್ಷದಿಂದ ಸಂಧಿ ಪಾಠ ಮಾಡಿದ್ದೇನೆ. ಆ ಒಂದು ಗಂಟೆಯಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ.

2020ರ ಮಾರ್ಚಿನಲ್ಲಿ ಕಾಲೇಜು ಮುಚ್ಚಿದಾಗ ಎಲ್ಲರೂ ವಿಡಿಯೋ ಕ್ಲಾಸಿಗೆ ಇಳಿದೆವು. ಅರ್ಧ ಜನ ಬರುತ್ತಿರಲಿಲ್ಲ. ಬಂದವರ ಧ್ವನಿ ಕಟ್ ಆಗುತ್ತಿತ್ತು. ಮನೆಗೊಂದೇ ಫೋನು ಇದ್ದ ಕಡೆ ಅದು ಮೊದಲು ಅಣ್ಣನಿಗೋ ತಮ್ಮನಿಗೋ. ಹುಡುಗಿಯರ ಕೈಗೆ ಬರುವ ಹೊತ್ತಿಗೆ ರಾತ್ರಿ ಹತ್ತು ಗಂಟೆ, ದಿನದ ಡೇಟಾ ಖಾಲಿ. ಆಗ ಕೈ ಹಿಡಿದಿದ್ದು ಈ ಬ್ಲಾಗೇ. ಬರೀ ಅಕ್ಷರದ ಪುಟಕ್ಕೆ ಡೇಟಾ ಎಷ್ಟು ಬೇಕು? ಸಿಗ್ನಲ್ಲಿನ ಒಂದೇ ಕಡ್ಡಿ ಇದ್ದರೂ ತೆರೆಯುತ್ತದೆ. ಪಾಠವನ್ನು ಚಿಕ್ಕ ಚಿಕ್ಕ ಬರಹ ಮಾಡಿ ಹಾಕಿದೆ. ಅವರು ಯಾವಾಗ ಫೋನು ಸಿಗುತ್ತದೋ ಆಗ ಓದಿದರು. ರಾತ್ರಿ ಹನ್ನೆರಡಕ್ಕೆ, ಬೆಳಗಿನ ಐದಕ್ಕೆ ಪ್ರಶ್ನೆಗಳು ಬಂದಿರುತ್ತಿದ್ದವು. ಕೆಲವರು ಮಾತಾಡಿದ್ದನ್ನೇ ಫೋನು ಅಕ್ಷರ ಮಾಡಿಕೊಡುವ ಸೌಲಭ್ಯ ಬಳಸಿ ಬರೆದರು. ಅದರಲ್ಲಿ ನಮ್ಮೂರಿನ ಮಾತು ತಪ್ಪುತಪ್ಪಾಗಿ ಬೀಳುತ್ತಿತ್ತು, ಕೂತು ತಿದ್ದುತ್ತಿದ್ದರು. ಡಿಜಿಟಲ್ ಶಿಕ್ಷಣ ಅಂದರೆ ವಿಡಿಯೋ ಅಂತ ತಿಳಿದವರು ಈಗಲೂ ಬಹಳ ಇದ್ದಾರೆ. ಬಡ ಮಕ್ಕಳ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಅನುಭವ ಹೇಳುತ್ತೇನೆ: ಮೊದಲು ಅಕ್ಷರ, ಆಮೇಲೆ ಧ್ವನಿ, ವಿಡಿಯೋ ಕೊನೆಗೆ.

2021–22ರಲ್ಲಿ ಹೊಸ ಶಿಕ್ಷಣ ನೀತಿ ಬಂದು ಪಠ್ಯದಲ್ಲಿ ಡಿಜಿಟಲ್ ಫ್ಲುಯೆನ್ಸಿ ಅನ್ನುವ ವಿಷಯವೇ ಸೇರಿತು. ಒಳ್ಳೆಯದೇ. ಆದರೆ ಅದೂ ನಮ್ಮಲ್ಲಿ ನೋಟ್ಸಾಯಿತು. ಬ್ಲಾಗು ಎಂದರೇನು, ಅದರ ಐದು ಉಪಯೋಗ ಬರೆಯಿರಿ ಅಂತ ಮಕ್ಕಳು ಬಾಯಿಪಾಠ ಮಾಡುವುದನ್ನು ಕೇಳಿದಾಗ ನನಗೆ ಬೇಜಾರಾಯಿತು. ಈಜು ಕಲಿಸಲು ಬಾವಿಗೇ ಇಳಿಯಬೇಕಲ್ಲವೇ?

ಈಗಿನ ಚಿಂತೆ ಬೇರೆ. 2023ರಿಂದ ಈಚೆಗೆ ಕೆಲವು ಬರಹಗಳು ಬಹಳ ನುಣುಪಾಗಿ ಬರುತ್ತಿವೆ. ಒಂದು ಕಾಗುಣಿತ ತಪ್ಪಿಲ್ಲ. "ತೆಂಗು ಒಂದು ಕಲ್ಪವೃಕ್ಷ. ಇದರ ಪ್ರತಿಯೊಂದು ಭಾಗವೂ ಉಪಯುಕ್ತ" ಅಂತ ಶುರುವಾಗುತ್ತದೆ. ಚಾಟ್‌ಜಿಪಿಟಿ ಬರೆದುಕೊಟ್ಟದ್ದು. ಅಂಥದ್ದೊಂದು ಬಂದಾಗ ಹುಡುಗನನ್ನು ಕರೆದು ಕೂರಿಸಿಕೊಂಡೆ. ಬೈಯಲಿಲ್ಲ. "ನಿಮ್ಮ ತೋಟದಲ್ಲಿ ಎಷ್ಟು ಮರ ಇದೆಯಪ್ಪಾ? ಯಾವ ಮರದ ಕಾಯಿ ಸಿಹಿ? ಮರ ಹತ್ತೋರು ಯಾರು? ಒಂದು ಮರಕ್ಕೆ ಎಷ್ಟು ತಗೋತಾರೆ?" ಅಂತ ಕೇಳುತ್ತಾ ಹೋದೆ. ಅವನು ಒಂದೊಂದಕ್ಕೂ ಉತ್ತರ ಹೇಳಿದ. ಬಾವಿ ಪಕ್ಕದ ಮರಕ್ಕೆ ಅವರ ಮನೆಯಲ್ಲಿ ಒಂದು ಹೆಸರೂ ಇದೆ. ಅವನ ಅಜ್ಜಿ ಮದುವೆಯಾಗಿ ಬಂದ ವರ್ಷ ನೆಟ್ಟ ಮರ. "ಇದನ್ನ ಆ ಯಂತ್ರಕ್ಕೆ ಕೇಳು, ಹೇಳುತ್ತಾ ನೋಡೋಣ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ. ಎದ್ದು ಹೋಗುವಾಗ, "ಅಜ್ಜಿನ ಕೇಳ್ಕೊಂಡು ಬರೀತೀನಿ ಮೇಡಂ" ಅಂದ. ಬರೆದ. ಅದರಲ್ಲಿ ಕಾಗುಣಿತದ ತಪ್ಪು ಹನ್ನೊಂದಿದ್ದವು. ಇಬ್ಬರೂ ಕೂತು ತಿದ್ದಿದೆವು.

ಎಲ್ಲರೂ ಹೀಗೆ ಬರೆಯುತ್ತಾರೆ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಪ್ರತಿ ವರ್ಷ ಅರವತ್ತು ಜನರಲ್ಲಿ ಇಪ್ಪತ್ತು ಜನ ಮನಸ್ಸಿಟ್ಟು ಬರೆಯುತ್ತಾರೆ. ಇನ್ನಿಪ್ಪತ್ತು ಜನ ಅಂಕಕ್ಕಾಗಿ ಬರೆಯುತ್ತಾರೆ. ಉಳಿದವರಲ್ಲಿ ಕೆಲವರು ಕಾಲೇಜು ಮುಗಿಸಿ ಗಾರ್ಮೆಂಟ್ಸ್ ಕೆಲಸಕ್ಕೆ ಓಡಬೇಕು, ಅವರನ್ನು ನಾನು ಒತ್ತಾಯಿಸುವುದಿಲ್ಲ. ಅವರು ಬಾಯಲ್ಲಿ ಹೇಳಿದ್ದನ್ನು ಗೆಳತಿಯರು ಬರೆದುಕೊಂಡ ಉದಾಹರಣೆಯೂ ಇದೆ. ಎರಡು ವರ್ಷ ನನಗೇ ಕೆಲಸ ಜಾಸ್ತಿಯಾಗಿ ಬ್ಲಾಗು ಬಹುತೇಕ ನಿಂತಿತ್ತು. ಕಂಪ್ಯೂಟರ್ ಲ್ಯಾಬಿನಲ್ಲಿ ಇವತ್ತಿಗೂ ಇಪ್ಪತ್ತರಲ್ಲಿ ಹನ್ನೆರಡು ಮಾತ್ರ ಓಡುತ್ತವೆ.

ಕೊಬ್ಬರಿ ಬರಹದ ತಾತ ಎರಡು ವರ್ಷದ ಹಿಂದೆ ತೀರಿಕೊಂಡರು. ಆ ಹುಡುಗಿ ಈಗ ತುಮಕೂರಿನಲ್ಲಿ ಕೆಲಸದಲ್ಲಿದ್ದಾಳೆ. ತಿಥಿಯ ದಿನ ಬಂದವರಿಗೆಲ್ಲ ಆ ಬರಹವನ್ನು ಓದಿ ಹೇಳಿದಳಂತೆ. ಗಡಗಡ ಸದ್ದಿನ ಭಾಗ ಬಂದಾಗ ಅವರ ಚಿಕ್ಕಪ್ಪ ಒಳಗೆ ಹೋಗಿ ಅಟ್ಟದಿಂದ ಒಂದು ಕಾಯಿ ತಂದು ಅಲ್ಲಾಡಿಸಿದರಂತೆ. ಇದನ್ನು ನನಗೆ ಫೋನಿನಲ್ಲಿ ಹೇಳಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ವರ್ಷ ಅವಳ ಚಿಕ್ಕಪ್ಪನ ಮಗಳು ನಮ್ಮ ಕಾಲೇಜಿಗೆ ಸೇರಿದ್ದಾಳೆ. ಮೊನ್ನೆ ಸ್ಟಾಫ್ ರೂಮಿಗೆ ಬಂದಳು. ಅವರು ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುತ್ತಿದ್ದಾರೆ. ಹೊಸ ಮನೆಗೆ ಅಟ್ಟ ಇಲ್ಲ. ಕಾಯಿಯನ್ನೆಲ್ಲ ತೋಟದ ಶೆಡ್ಡಿಗೆ ಸಾಗಿಸಬೇಕು. "ಅಕ್ಕನ ಬರಹಕ್ಕೆ ಮುಂದಿನ ಭಾಗ ನಾನು ಬರೀಬಹುದಾ ಮೇಡಂ? ಅಟ್ಟ ಇಳಿಸೋ ದಿನದ್ದು?" ಅಂತ ಕೇಳಿದಳು.

ಬರಿ ಅಂದೆ. ಅಪ್ಪನಿಗೆ ಓದಿ ಹೇಳು ಅಂತಲೂ ಅಂದೆ. ಭಾನುವಾರ ಅಟ್ಟ ಇಳಿಸುತ್ತಾರಂತೆ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಬರಹದ ಜೊತೆಗೇ ಹಾಕಬೇಕು ಅಂತ ಅವಳ ಆಸೆ. ಬ್ಲಾಗಿಗೆ ಧ್ವನಿ ಸೇರಿಸುವುದು ಹೇಗೆ ಅಂತ ನನಗೂ ಸರಿಯಾಗಿ ಬರುವುದಿಲ್ಲ. ಸೋಮವಾರ ಇಬ್ಬರೂ ಕೂತು ನೋಡಬೇಕು.